ಸಿಯಾಟಲ್: ವಿಮಾನ ನಿಲ್ದಾಣದಿಂದ ಸ್ಪೇಸ್ ನೀಡಲ್ ಬುಡದವರೆಗೆ

ಅಮೆರಿಕದ ಸಿಯಾಟಲ್‌ನ ವಿಮಾನ ನಿಲ್ದಾಣದಿಂದ ಸ್ಪೇಸ್ ನೀಡಲ್ ಎಂಬ ಗೋಪುರ ಇರುವ ಜಾಗಕ್ಕೆ ಹೋಗುವುದು ಹೇಗೆ ಎಂದು ಹೊರಡುವ ಮೊದಲು ಯಾರನ್ನು ಕೇಳಿದರೂ ಸಿಕ್ಕಿದ್ದು ಒಂದೇ ಉತ್ತರ: ಲೈಟ್ ರೈಲ್ ಎಂಬ ನಗರ ರೈಲು ಹತ್ತಿ, ಊರ ನಡುವಿನ ವೆಸ್ಟ್‌ಲೇಕ್‌ ನಿಲ್ದಾಣದಲ್ಲಿ ಇಳಿದು, ಒಂದೇ ತೊಲೆಯ ಮೇಲೆ ಓಡುವ ಮಾನೋರೈಲ್ ಹಿಡಿಯಿರಿ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಹತ್ತುವುದಕ್ಕೂ ಮುಂಚೆ ಎಷ್ಟು ನಡೆಯಬೇಕು, ಇಳಿದ ಮೇಲೆ ಎಷ್ಟು ಮಹಡಿ ಏರಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದಿರುವ ಎಪ್ಪತ್ತರ ಅಮ್ಮನೂ ಎರಡು ದೊಡ್ಡ ಸೂಟ್‌ಕೇಸುಗಳೂ ಜೊತೆಗಿದ್ದಾಗ ತಿಳಿಯಬೇಕಾದದ್ದು ಅದೇ. 2024ರ ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ ನಾವಿಬ್ಬರೂ ಮಾಡಿದ ಈ ಪ್ರಯಾಣದಲ್ಲಿ ವಾಹನದೊಳಗೆ ಕುಳಿತಿದ್ದ ಹೊತ್ತು ಒಂದು ತಾಸಿಗಿಂತ ಕಡಿಮೆ. ಉಳಿದದ್ದೆಲ್ಲ ಒಂದು ವಾಹನಕ್ಕೂ ಇನ್ನೊಂದಕ್ಕೂ ನಡುವಿನ ಸಂದುಗಳಲ್ಲಿ ಹೋಯಿತು.

ಮೊದಲನೆಯ ಸಂದು ವಿಮಾನದ ಬಾಗಿಲಿನಲ್ಲೇ ಶುರುವಾಯಿತು. ನಮ್ಮ ವಿಮಾನ ನಿಂತದ್ದು ಮುಖ್ಯ ಕಟ್ಟಡದಿಂದ ಬೇರೆಯಾಗಿ ನಿಂತಿರುವ ದಕ್ಷಿಣದ ಉಪಕಟ್ಟಡದಲ್ಲಿ. ಅಲ್ಲಿಂದ ವಲಸೆ ತಪಾಸಣೆಯ ಕಟ್ಟಡಕ್ಕೆ ಹೋಗಲು 2022ರಲ್ಲಿ ಬಳಕೆಗೆ ಬಂದ ಒಂದು ಮೇಲುಸೇತುವೆಯಿದೆ. ಉದ್ದ 780 ಅಡಿ, ನೆಲದಿಂದ ಎತ್ತರ 85 ಅಡಿ. ಅದರ ಕೆಳಗಿರುವುದು ರಸ್ತೆಯಲ್ಲ, ವಿಮಾನಗಳು ಓಡಾಡುವ ದಾರಿ. ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸೋಣ ಎಂದು ನಾನು ಹೇಳಿದ್ದಾಗ ಅಮ್ಮ ಸುತರಾಂ ಒಪ್ಪಿರಲಿಲ್ಲ. ಆ ಹಟದ ಬೆಲೆ ಇಲ್ಲಿ ತಿಳಿಯುತ್ತದೆ ಎಂದುಕೊಂಡಿದ್ದೆ. ಆದರೆ ಸೇತುವೆಯ ನಡುಮಧ್ಯೆ ಅವಳು ತಾನಾಗಿಯೇ ನಿಂತು ಗಾಜಿಗೆ ಹಣೆ ಹಚ್ಚಿ ಕೆಳಗೆ ನೋಡುತ್ತಿದ್ದಳು. ಒಂದು ವಿಮಾನ ನಮ್ಮ ಪಾದದಡಿ ನಿಧಾನವಾಗಿ ತೂರಿಹೋಯಿತು. ಅದರ ಬೆನ್ನು, ರೆಕ್ಕೆಯ ಮೇಲಿನ ನೀರ ಹನಿಗಳು, ಬಾಲದ ತುದಿ, ಎಲ್ಲವೂ ಮೇಲಿನಿಂದ ಕಂಡವು. "ವಿಮಾನದ ನೆತ್ತಿ ನೋಡಿದ್ದು ಇದೇ ಮೊದಲು" ಎಂದಳು. ಹಿಂದಿನಿಂದ ಬರುತ್ತಿದ್ದವರೆಲ್ಲ ನಮ್ಮನ್ನು ಬಳಸಿಕೊಂಡು ಮುಂದೆ ಹೋದರು. ವಲಸೆ ತಪಾಸಣೆಯ ಸಾಲಿನಲ್ಲಿ ನಾವು ಕೊನೆಯವರಾಗಲು ಇದೇ ಕಾರಣವಾಯಿತು.

ಸಾಮಾನು ಪಡೆದು ಹೊರಬಂದಾಗ ಒಂದು ವಿಷಯ ಗೊತ್ತಾಯಿತು. ಅಂತರರಾಷ್ಟ್ರೀಯ ಪ್ರಯಾಣಿಕರು ಹೊರಬೀಳುವುದು ಕಟ್ಟಡದ ದಕ್ಷಿಣ ತುದಿಯಲ್ಲಿ. ರೈಲು ನಿಲ್ದಾಣಕ್ಕೆ ಹೋಗುವ ದಾರಿ ಇರುವುದು ಉತ್ತರ ತುದಿಯಲ್ಲಿ. ದೇಶದೊಳಗಿನ ವಿಮಾನದಲ್ಲಿ ಬಂದವರಿಗೆ ಈ ದೂರ ಅಷ್ಟಾಗಿ ತಟ್ಟದಿರಬಹುದು, ನಮಗೆ ಮಾತ್ರ ಕಟ್ಟಡದ ಇಡೀ ಉದ್ದವನ್ನು ಅಳೆದಂತಾಯಿತು. ಸಾಮಾನಿನ ಪಟ್ಟಿಗಳು ಸುತ್ತುತ್ತಿರುವ ಅಂತಸ್ತಿನಲ್ಲೇ ಉತ್ತರಕ್ಕೆ ನಡೆದು, ಲಿಫ್ಟಿನಲ್ಲಿ ಮೇಲೇರಿ, ಎದುರಿನ ವಾಹನ ನಿಲುಗಡೆ ಕಟ್ಟಡಕ್ಕೆ ದಾಟಿಸುವ ಸೇತುವೆಯನ್ನು ಹಿಡಿಯಬೇಕು. ಆ ನಿಲುಗಡೆ ಕಟ್ಟಡವೂ ಸಣ್ಣದಲ್ಲ. ಎಂಟು ಮಹಡಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಕಾರುಗಳಿಗೆ ಜಾಗ. ಟ್ಯಾಕ್ಸಿಗಳೂ ಮೊಬೈಲ್‌ನಲ್ಲಿ ಕರೆಸುವ ಕ್ಯಾಬ್‌ಗಳೂ ಅದರ ಮೂರನೆಯ ಮಹಡಿಯಲ್ಲಿ ಸಿಗುತ್ತವೆ, ರೈಲಿನ ಕಡೆಗೆ ಹೋಗುವ ಕಾಲುದಾರಿ ನಾಲ್ಕನೆಯ ಮಹಡಿಯಲ್ಲಿದೆ. ಈ ಒಂದು ಮಹಡಿಯ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಸಾಕು, ಅರ್ಧ ಗೊಂದಲ ತಪ್ಪುತ್ತದೆ. ಸೇತುವೆಯ ಬಾಯಲ್ಲಿ ಅಮ್ಮ ಒಮ್ಮೆ ಕೆಳಕ್ಕೆ ಹೋಗುವ ಬಾಣದ ಗುರುತನ್ನು ಆಸೆಯಿಂದ ನೋಡಿದಳು, ನಾನೂ ನೋಡಿದೆ. ಕ್ಯಾಬ್ ಹಿಡಿದರೆ ಹೋಟೆಲಿನ ಬಾಗಿಲಿಗೇ ಹೋಗಿ ಇಳಿಯಬಹುದಿತ್ತು. ಆದರೆ ಊರಿನ ನಡುಭಾಗ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ, ಗಂಟೆ ನಾಲ್ಕಾಗುತ್ತಿತ್ತು, ಐ-5 ಹೆದ್ದಾರಿ ಆ ಹೊತ್ತಿನಲ್ಲಿ ಹೇಗಿರುತ್ತದೆಂಬುದನ್ನು ನಾನು ಕೇಳಿ ಬಲ್ಲೆ. ರೈಲಿಗೆ ಸಂಜೆಯ ವಾಹನ ದಟ್ಟಣೆಯ ಹಂಗಿಲ್ಲ.

ನಿಲುಗಡೆ ಕಟ್ಟಡದ ಒಳಗಿನ ಕಾಲುದಾರಿಯಲ್ಲಿ ಒಂದು ಕಡೆ ಕಾರುಗಳು, ಇನ್ನೊಂದು ಕಡೆ ತಗ್ಗು ಗೋಡೆ. ನೆಲ ಒರಟು ಕಾಂಕ್ರೀಟ್ ಆದ್ದರಿಂದ ಸೂಟ್‌ಕೇಸಿನ ಗಾಲಿಗಳ ಸದ್ದು ಇಡೀ ಮಹಡಿಗೆ ಕೇಳುತ್ತದೆ. ನಮ್ಮ ಮುಂದೆ ಹೋಗುತ್ತಿದ್ದವರ ಗಾಲಿಗಳ ಸದ್ದೇ ನಮಗೆ ದಾರಿ ತೋರಿಸಿತು ಎಂದರೂ ತಪ್ಪಲ್ಲ. ಆರೋಗ್ಯವಂತರು ಐದಾರು ನಿಮಿಷಗಳಲ್ಲಿ ಮುಗಿಸುವ ಈ ಭಾಗಕ್ಕೆ ನಾವು ಹದಿನೈದು ನಿಮಿಷ ತೆಗೆದುಕೊಂಡೆವು. ಅಮ್ಮ ಎರಡು ಸಲ ಸೂಟ್‌ಕೇಸನ್ನು ಮಲಗಿಸಿ ಅದರ ಮೇಲೆಯೇ ಕುಳಿತಳು.

ಕಾಲುದಾರಿಯ ಕೊನೆಗೆ ಇನ್ನೊಂದು ಚಿಕ್ಕ ಸೇತುವೆ ದಾಟಿದರೆ ನಿಲ್ದಾಣದ ನಡು ಅಂತಸ್ತು. ಟಿಕೆಟ್ ಯಂತ್ರಗಳು ಅಲ್ಲಿವೆ, ಪ್ಲಾಟ್‌ಫಾರ್ಮ್ ಅದಕ್ಕಿಂತ ಮೇಲಿದೆ. ನಿಲ್ದಾಣಗಳ ಲಿಪಿಯನ್ನು ಓದಲಾಗದವರಿಗೂ ಗುರುತು ಸಿಗಲೆಂದು ಇಲ್ಲಿ ನಿಲ್ದಾಣಗಳಿಗೆ ಒಂದೊಂದು ಚಿತ್ರ ಕೊಟ್ಟಿದ್ದರು. ವಿಮಾನ ನಿಲ್ದಾಣದ್ದು ಹಾರುವ ಚಾಪೆ. ಕಾಲೆಳೆದುಕೊಂಡು ಬಂದವರ ಮುಂದೆ ಹಾರುವ ಚಾಪೆಯ ಚಿತ್ರ ಇಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಲೇಬೇಕು.

ಟಿಕೆಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂಬುದರ ಮೇಲೆ ದರ ಏರಿಳಿಯುತ್ತಿದ್ದ ಹಳೆಯ ಪದ್ಧತಿಯನ್ನು 2024ರ ಆಗಸ್ಟ್ 30ರಿಂದ ತೆಗೆದುಹಾಕಲಾಗಿದೆ. ನಾವು ಹೋದಾಗ ದೊಡ್ಡವರಿಗೆ ಎಷ್ಟೇ ದೂರಕ್ಕೂ 3 ಡಾಲರ್, ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಉಚಿತ. ಅರವತ್ತೈದು ದಾಟಿದವರಿಗೆ ರಿಯಾಯಿತಿ ಇದೆ, ಆದರೆ ಅದಕ್ಕೆ ಅರ್ಜಿ ಹಾಕಿ ಬೇರೆಯೇ ಒಂದು ಕಾರ್ಡ್ ಮಾಡಿಸಿಕೊಂಡಿರಬೇಕು. ನಾಲ್ಕು ದಿನಕ್ಕೆ ಬಂದವರಿಗೆ ಅದು ಆಗುವ ಕೆಲಸವಲ್ಲ. ಒಂದು ಸಲದ ಪ್ರಯಾಣಕ್ಕೆ ಯಂತ್ರದಿಂದ ಕಾಗದದ ಟಿಕೆಟ್ ತೆಗೆಯಬಹುದು. ನಾನು ಅದನ್ನು ಬಿಟ್ಟು ಓರ್ಕಾ ಕಾರ್ಡ್ ಕೊಂಡೆ. ಇದು ಈ ಪ್ರದೇಶದ ರೈಲು, ಬಸ್ಸು, ಮಾನೋರೈಲ್ ಎಲ್ಲಕ್ಕೂ ನಡೆಯುವ ಕಾರ್ಡ್. ಈ ಸಮುದ್ರದ ಓರ್ಕಾ ತಿಮಿಂಗಿಲದ ಹೆಸರನ್ನೇ ಇಟ್ಟಿದ್ದಾರೆ. ಕಾರ್ಡಿನ ಬೆಲೆಯೇ ಆಗ 3 ಡಾಲರ್, ಪ್ರಯಾಣದ ಹಣವನ್ನು ಅದರ ಮೇಲೆ ಬೇರೆಯಾಗಿ ತುಂಬಬೇಕು. ಒಬ್ಬರಿಗೆ ಒಂದು ಕಾರ್ಡ್, ಒಂದೇ ಕಾರ್ಡನ್ನು ಎರಡು ಸಲ ಮುಟ್ಟಿಸಿ ಇಬ್ಬರು ಹೋಗುವಂತಿಲ್ಲ. ಮಾನೋರೈಲಿಗೂ ಆಮೇಲೆ ಬಸ್ಸುಗಳಿಗೂ ಬೇಕಾಗುತ್ತದೆಂಬ ಲೆಕ್ಕದಲ್ಲಿ ಎರಡು ಕಾರ್ಡ್ ಕೊಂಡದ್ದು ಸರಿಯಾದ ತೀರ್ಮಾನವೇ ಆಯಿತು.

ಆಮೇಲೆ ಎದುರಾದದ್ದು ಒಂದು ವಿಚಿತ್ರ ಸಂಕೋಚ. ಇಲ್ಲಿ ತೆರೆದುಕೊಳ್ಳುವ ಗೇಟುಗಳೇ ಇಲ್ಲ. ಕಂಬದಂತೆ ನಿಂತ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿದರೆ ಒಂದು ಸದ್ದು ಬರುತ್ತದೆ, ಅಷ್ಟೇ. ಮುಟ್ಟಿಸದೆ ಹೋದರೆ ತಡೆಯಲು ಅಲ್ಲಿ ಏನೂ ಇಲ್ಲ. ಹಣ ಕೊಟ್ಟ ಪುರಾವೆ ನಿಮ್ಮ ಬಳಿ ಇರಬೇಕು, ರೈಲಿನೊಳಗೆ ಸಿಬ್ಬಂದಿ ಬಂದು ಕೇಳಿದಾಗ ತೋರಿಸಬೇಕು ಎಂಬುದೇ ಇಲ್ಲಿನ ಕ್ರಮ. ಅಮ್ಮನಿಗೆ ಇದು ಸಮಾಧಾನವಾಗಲಿಲ್ಲ. ಸದ್ದು ಬಂದದ್ದು ತನ್ನ ಕಾರ್ಡಿಗೋ ನನ್ನದಕ್ಕೋ ಎಂಬ ಅನುಮಾನದಲ್ಲಿ ಎರಡನೆಯ ಸಲ ಮುಟ್ಟಿಸಲು ಹೊರಟವಳನ್ನು ತಡೆದು ಲಿಫ್ಟಿನೊಳಗೆ ಕರೆದೊಯ್ದೆ. ನಮ್ಮ ಕಾರ್ಡುಗಳನ್ನು ಆ ದಿನ ಯಾರೂ ಕೇಳಲಿಲ್ಲ ಎಂಬುದು ಅವಳಿಗೆ ರಾತ್ರಿಯವರೆಗೂ ಒಂದು ಕೊರಗಾಗಿಯೇ ಉಳಿಯಿತು.

ಮೇಲೆ ಪ್ಲಾಟ್‌ಫಾರ್ಮ್ ಒಂದೇ, ಹಳಿಗಳು ಎರಡು ಬದಿಗೆ. ಒಂದು ಬದಿಯ ರೈಲು ದಕ್ಷಿಣಕ್ಕೆ, ಇನ್ನೊಂದು ಬದಿಯದು ಉತ್ತರಕ್ಕೆ. ಆಗ ದಕ್ಷಿಣದ ಕೊನೆಯ ನಿಲ್ದಾಣ ಏಂಜಲ್ ಲೇಕ್, ಒಂದೇ ನಿಲ್ದಾಣದಷ್ಟು ದೂರ. ಉತ್ತರದ ಕೊನೆ ಆಗಸ್ಟಿನಲ್ಲಷ್ಟೇ ತೆರೆದಿದ್ದ ಲಿನ್‌ವುಡ್. ಊರಿಗೆ ಹೋಗಬೇಕಾದವರು ಉತ್ತರದ ರೈಲನ್ನೇ ಹತ್ತಬೇಕು. ರೈಲಿನ ನೆಲವೂ ಪ್ಲಾಟ್‌ಫಾರ್ಮಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಸೂಟ್‌ಕೇಸನ್ನು ಎತ್ತಬೇಕಾಗಿಲ್ಲ, ತಳ್ಳಿದರೆ ಸಾಕು. ಆದರೆ ಬೋಗಿಯ ಎರಡೂ ತುದಿಗಳಲ್ಲಿ ಮೆಟ್ಟಿಲು ಹತ್ತಿ ಹೋಗುವ ಎತ್ತರದ ಆಸನಗಳಿವೆ, ಅತ್ತ ಹೋಗದೆ ನಡುಭಾಗದಲ್ಲೇ ಕುಳಿತುಕೊಳ್ಳುವುದು ಲೇಸು. ಅಮ್ಮ ಕಿಟಕಿಯ ಪಕ್ಕ ಕುಳಿತಳು, ನಾನು ಎರಡು ಸೂಟ್‌ಕೇಸುಗಳನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದುಕೊಂಡೆ.

ಇಲ್ಲಿಂದ ವೆಸ್ಟ್‌ಲೇಕ್‌ವರೆಗೆ ನಲವತ್ತು ನಿಮಿಷಕ್ಕಿಂತ ತುಸು ಕಡಿಮೆಯ ಪ್ರಯಾಣ. ನಗರಗಳ ವಿಮಾನ ನಿಲ್ದಾಣದ ರೈಲುಗಳಲ್ಲಿ ಬಹಳಷ್ಟು ಸೀದಾ ಓಡಿ ಕೆಲಸ ಮುಗಿಸುತ್ತವೆ. ಈ ರೈಲಿಗೆ ಅಂಥ ಅವಸರವಿಲ್ಲ, ಇದು ದಾರಿಯುದ್ದಕ್ಕೂ ಊರಿನವರನ್ನು ಹತ್ತಿಸಿ ಇಳಿಸುತ್ತಾ ಹೋಗುತ್ತದೆ. ಮೊದಲು ಕಂಬಗಳ ಮೇಲೆ ಎತ್ತರದಲ್ಲಿ ಸಾಗಿ, ಟಕ್‌ವಿಲಾ ದಾಟಿದ ಮೇಲೆ ಹೆದ್ದಾರಿಯನ್ನೂ ಡುವಾಮಿಶ್ ನದಿಯನ್ನೂ ಮೇಲಿನಿಂದಲೇ ಹಾಯುತ್ತದೆ. ಆಕಾಶ ತಿಳಿಯಾಗಿದ್ದರೆ ಬಲಬದಿಯ ಕಿಟಕಿಯಲ್ಲಿ, ಸ್ವಲ್ಪ ಹಿಂದಕ್ಕೆ ತಿರುಗಿ ನೋಡಿದರೆ, ಮೌಂಟ್ ರೇನಿಯರ್ ಪರ್ವತ ಕಾಣಬೇಕು. 14,410 ಅಡಿ ಎತ್ತರದ, ವರ್ಷವಿಡೀ ಹಿಮ ಹೊದ್ದಿರುವ ಜ್ವಾಲಾಮುಖಿ ಅದು. ಅದು ಕಂಡ ದಿನ ಇಲ್ಲಿನವರು "ಪರ್ವತ ಹೊರಗೆ ಬಂದಿದೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರಂತೆ. ನಮಗೆ ಕಂಡದ್ದು ಬೂದುಬಣ್ಣದ ಮೋಡ ಮತ್ತು ಕಿಟಕಿಯ ಮೇಲೆ ಓರೆಯಾಗಿ ಇಳಿಯುತ್ತಿದ್ದ ಜಿನುಗು ಮಳೆ. ಅಲ್ಲೊಂದು ಪರ್ವತವಿದೆ ಎಂದು ನಾನು ಬೆರಳು ಚಾಚಿ ತೋರಿಸಿದೆ. ಅಮ್ಮ ನನ್ನ ಬೆರಳನ್ನೇ ನೋಡಿ ತಲೆಯಾಡಿಸಿದಳು.

ರೇನಿಯರ್ ಬೀಚ್‌ನಿಂದ ರೈಲು ನೆಲಕ್ಕಿಳಿದು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಹೆಸರಿನ ರಸ್ತೆಯ ನಡುವೆಯೇ ಓಡುತ್ತದೆ. ಎರಡೂ ಬದಿಗೆ ಕಾರುಗಳು, ಮನೆಗಳು, ಅಂಗಡಿಗಳು, ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಮಕ್ಕಳು. ಅಡ್ಡರಸ್ತೆಗಳ ಸಿಗ್ನಲ್‌ಗಳ ನಡುವೆ ಸಾಗಬೇಕಾದ್ದರಿಂದ ರೈಲಿನ ವೇಗ ಇಲ್ಲಿ ತಗ್ಗುತ್ತದೆ. ಮೌಂಟ್ ಬೇಕರ್ ಆದ ಮೇಲೆ ಬೀಕನ್ ಹಿಲ್ ಗುಡ್ಡದೊಳಗೆ ನುಗ್ಗುತ್ತದೆ. ಅಲ್ಲಿನ ನಿಲ್ದಾಣ ನೆಲದಿಂದ 160 ಅಡಿ ಆಳದಲ್ಲಿರುವುದರಿಂದ ಎಸ್ಕಲೇಟರುಗಳ ಬದಲಿಗೆ ಲಿಫ್ಟುಗಳಿವೆ. ಗುಡ್ಡದಿಂದ ಆಚೆ ಬಂದರೆ ಸೋಡೊ, ಆಮೇಲೆ ಎರಡು ದೊಡ್ಡ ಕ್ರೀಡಾಂಗಣಗಳ ಪಕ್ಕದ ಸ್ಟೇಡಿಯಂ ನಿಲ್ದಾಣ, ಅಲ್ಲಿಂದ ಮುಂದೆ ಊರಿನ ಹೃದಯದಡಿಯ ಸುರಂಗ. ಈ ಸುರಂಗವನ್ನು 1990ರಲ್ಲಿ ತೆರೆದದ್ದು ಬಸ್ಸುಗಳಿಗಾಗಿ. 2009ರಲ್ಲಿ ರೈಲೂ ಬಂದು, ಹತ್ತು ವರ್ಷ ಬಸ್ಸೂ ರೈಲೂ ಒಂದೇ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತಿದ್ದವು. 2019ರಲ್ಲಿ ಬಸ್ಸುಗಳು ಮೇಲಿನ ಬೀದಿಗೆ ಹೋದವು.

ನಾನು ಎಡವಿದ್ದು ಈ ಸುರಂಗದಲ್ಲಿ. ಹಲವು ವರ್ಷಗಳ ಹಿಂದೆ ಇಲ್ಲಿ ಕೆಲಸ ಮಾಡಿಕೊಂಡಿದ್ದ ಗೆಳತಿಯೊಬ್ಬಳು ನನಗಾಗಿ ನಿಲ್ದಾಣಗಳ ಹೆಸರನ್ನು ಕ್ರಮವಾಗಿ ಬರೆದು ಕಳಿಸಿದ್ದಳು. ಅದರಲ್ಲಿ ಪಯನೀರ್ ಸ್ಕ್ವೇರ್, ಯೂನಿವರ್ಸಿಟಿ ಸ್ಟ್ರೀಟ್, ವೆಸ್ಟ್‌ಲೇಕ್ ಎಂದಿತ್ತು. ಯೂನಿವರ್ಸಿಟಿ ಸ್ಟ್ರೀಟ್ ಬಂದಾಗ ಎದ್ದು ಸಿದ್ಧವಾಗು ಎಂದು ಪಕ್ಕದಲ್ಲೇ ಬರೆದಿದ್ದಳು. ಆದರೆ ವಿಶ್ವವಿದ್ಯಾಲಯದ ಹೆಸರು ಹೊತ್ತ ಬೇರೆ ನಿಲ್ದಾಣಗಳೂ ಈ ಮಾರ್ಗದಲ್ಲಿ ಬಂದು, ಜನ ತಪ್ಪಾಗಿ ಇಳಿಯುತ್ತಿದ್ದುದರಿಂದ ಊರ ನಡುವಿನ ಈ ನಿಲ್ದಾಣಕ್ಕೆ 2024ರ ಆಗಸ್ಟ್‌ನಲ್ಲಿ ಸಿಂಫನಿ ಎಂದು ಹೊಸ ಹೆಸರು ಇಟ್ಟಿದ್ದರು. ಗೊಂದಲ ತಪ್ಪಿಸಲು ಮಾಡಿದ ಬದಲಾವಣೆ ಎರಡು ತಿಂಗಳಾದ ಮೇಲೆ ನನ್ನನ್ನು ಗೊಂದಲಕ್ಕೆ ಕೆಡವಿತು. ಪಯನೀರ್ ಸ್ಕ್ವೇರ್ ಆಯಿತು, ಸಿಂಫನಿ ಎಂಬ ಘೋಷಣೆ ಬಂತು. ಪಟ್ಟಿಯಲ್ಲಿಲ್ಲದ ಯಾವುದೋ ಹೊಸ ನಿಲ್ದಾಣವಿರಬೇಕು, ಯೂನಿವರ್ಸಿಟಿ ಸ್ಟ್ರೀಟ್ ಇನ್ನೂ ಬರಬೇಕಷ್ಟೆ ಎಂದುಕೊಂಡು ನಿಶ್ಚಿಂತೆಯಿಂದ ಕುಳಿತೆ. ಬಾಗಿಲ ಮೇಲಿನ ನಕ್ಷೆಯನ್ನು ಒಮ್ಮೆ ತಲೆಯೆತ್ತಿ ನೋಡಿದ್ದರೆ ಸಾಕಿತ್ತು, ಕೈಯಲ್ಲಿ ಚೀಟಿ ಇದ್ದವರು ಗೋಡೆ ನೋಡುವುದಿಲ್ಲ. ಮುಂದಿನ ನಿಲ್ದಾಣದ ಗೋಡೆಯ ಮೇಲೆ ವೆಸ್ಟ್‌ಲೇಕ್ ಎಂಬ ಅಕ್ಷರಗಳು ಜಾರಿಹೋಗಿ ನಿಂತಾಗ ಅಮ್ಮ ತೂಕಡಿಸುತ್ತಿದ್ದಳು, ಒಂದು ಸೂಟ್‌ಕೇಸಿನ ಪಟ್ಟಿ ನನ್ನ ಕಾಲಿಗೆ ಸುತ್ತಿಕೊಂಡಿತ್ತು. ಅವಳನ್ನು ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಬಾಗಿಲು ಮುಚ್ಚಿತು.

"ಹೆಸರು ಬದಲಾಯಿಸಿದರೆ ಜಾಗವೇನೂ ಅಲ್ಲಿಂದ ಎದ್ದು ಹೋಗುವುದಿಲ್ಲವಲ್ಲೇ, ನೀನು ಎಣಿಸಬೇಕಿತ್ತು" ಎಂದಳು ಅಮ್ಮ. ಮಾತು ಸರಿಯಾಗಿತ್ತು. ಹೊಸ ಊರಿನಲ್ಲಿ ನಿಲ್ದಾಣದ ಹೆಸರಿಗಿಂತ ಎಣಿಕೆಯನ್ನು ನಂಬುವುದು ಹೆಚ್ಚು ಕ್ಷೇಮ. ವಿಮಾನ ನಿಲ್ದಾಣ ಬಿಟ್ಟ ಮೇಲೆ ಹನ್ನೆರಡನೆಯದು ವೆಸ್ಟ್‌ಲೇಕ್.

ಹೀಗೆ ನಾವು ಕ್ಯಾಪಿಟಲ್ ಹಿಲ್‌ನಲ್ಲಿ ಇಳಿದೆವು. ತಪ್ಪಿಹೋಗುವುದಾದರೆ ಇದಕ್ಕಿಂತ ಒಳ್ಳೆಯ ನಿಲ್ದಾಣ ಸಿಗಲಾರದು. ಎರಡೂ ದಿಕ್ಕಿನ ರೈಲುಗಳಿಗೆ ಇಲ್ಲಿ ಒಂದೇ ಪ್ಲಾಟ್‌ಫಾರ್ಮ್, ಹಾಗಾಗಿ ಮೇಲೆ ಹತ್ತಿ ಇಳಿಯುವ ಕಷ್ಟವಿಲ್ಲ, ಹತ್ತು ಹೆಜ್ಜೆ ದಾಟಿ ಎದುರು ಬದಿಗೆ ನಿಂತರಾಯಿತು. ಕಾರ್ಡಿನಲ್ಲಿ ಕೊಟ್ಟ ದರ ಎರಡು ತಾಸಿನವರೆಗೆ ನಡೆಯುತ್ತದೆ ಎಂಬುದು ಗೊತ್ತಿದ್ದುದರಿಂದ ಆ ಚಿಂತೆಯೂ ಇರಲಿಲ್ಲ. ಮುಂದಿನ ರೈಲಿಗೆ ಏಳು ನಿಮಿಷವಿತ್ತು. ಬೆಂಚಿನ ಮೇಲೆ ಕುಳಿತು ತಲೆಯೆತ್ತಿದ ಅಮ್ಮ ನನ್ನ ತೋಳು ಹಿಡಿದು ಎಳೆದಳು. ನಮ್ಮ ನೆತ್ತಿಯ ಮೇಲೆ, ಹಳಿಗಳ ಉದ್ದಕ್ಕೆ, ಎರಡು ನಿಜವಾದ ಯುದ್ಧವಿಮಾನಗಳು ತುಂಡುತುಂಡಾಗಿ ತೂಗುತ್ತಿದ್ದವು. ಸೇವೆಯಿಂದ ನಿವೃತ್ತವಾದ ಸ್ಕೈಹಾಕ್ ವಿಮಾನಗಳನ್ನು ಕತ್ತರಿಸಿ, ಒಂದಕ್ಕೆ ಕಡುಗುಲಾಬಿ, ಇನ್ನೊಂದಕ್ಕೆ ಹಳದಿ ಬಣ್ಣ ಬಳಿದು, ಮೂತಿಗೆ ಮೂತಿ ತಾಗುವಂತೆ ಜೋಡಿಸಿದ ಕಲಾಕೃತಿ ಅದು. ಹೆಸರು ಜೆಟ್ ಕಿಸ್. ಬೆಳಗ್ಗೆಯಿಂದ ವಿಮಾನದ ಹೊಟ್ಟೆ, ವಿಮಾನದ ನೆತ್ತಿ ಎರಡನ್ನೂ ಕಂಡವಳಿಗೆ ಈಗ ಕೆಳಗಿನಿಂದ ಕರುಳು ಕಾಣುವ ವಿಮಾನ. ನಾನು ನಿಲ್ದಾಣ ತಪ್ಪಿಸಿದ್ದನ್ನು ಅವಳು ಆ ಏಳು ನಿಮಿಷ ಪೂರ್ತಿಯಾಗಿ ಮರೆತಳು.

ಹಿಂದಿರುಗಿ ವೆಸ್ಟ್‌ಲೇಕ್‌ನಲ್ಲಿ ಇಳಿದ ಮೇಲೆ ಈ ಪ್ರಯಾಣದ ಅತ್ಯಂತ ಕಠಿಣವಾದ ಸಂದು ಎದುರಾಯಿತು. ದೂರ ಏನೇನೂ ಇಲ್ಲ, ಎತ್ತರವೇ ಎಲ್ಲ. ರೈಲು ಇರುವುದು ಪೈನ್ ಸ್ಟ್ರೀಟ್‌ನ ನೆಲದಡಿಯಲ್ಲಿ; ಮಾನೋರೈಲ್ ಹೊರಡುವುದು ಅದೇ ಜಾಗದ ಮೇಲಿರುವ ವೆಸ್ಟ್‌ಲೇಕ್ ಸೆಂಟರ್ ಎಂಬ ಮಾಲ್‌ನ ಮೂರನೆಯ ಮಹಡಿಯಿಂದ. ಅಂದರೆ ಪಾತಾಳದಿಂದ ಹೊರಟು ನಡು ಅಂತಸ್ತು, ಅಲ್ಲಿಂದ ಮಾಲ್‌ನ ಕೆಳಮಹಡಿ, ಅಲ್ಲಿಂದ ಮತ್ತೆ ಮೇಲಕ್ಕೆ. ಬೀದಿಗೆ ಬಾರದೆಯೇ ಇಷ್ಟನ್ನೂ ಮಾಡಬಹುದು ಎಂಬುದು ಮಳೆಯಲ್ಲಿ ದೊಡ್ಡ ಅನುಕೂಲ. ಆದರೆ ಒಂದೇ ಲಿಫ್ಟು ಬುಡದಿಂದ ತುದಿಗೆ ಒಯ್ಯುವುದಿಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನು ಹುಡುಕಿಕೊಳ್ಳಬೇಕು. ಎಸ್ಕಲೇಟರಿನಲ್ಲಿ ಹೋಗುವವರಿಗೆ ಬಾಣದ ಗುರುತುಗಳು ಸಾಲಾಗಿ ಸಿಗುತ್ತವೆ, ಲಿಫ್ಟು ಬೇಕಾದವರು ಆ ಸಾಲನ್ನು ಬಿಟ್ಟು ಮೂಲೆ ಹುಡುಕಬೇಕು. ನಾನು ಅಮ್ಮನನ್ನೂ ಸಾಮಾನನ್ನೂ ಒಂದು ಗೋಡೆಯ ಬದಿಗೆ ನಿಲ್ಲಿಸಿ, ಮೊದಲು ಒಬ್ಬಳೇ ಎಸ್ಕಲೇಟರಿನಲ್ಲಿ ಮೇಲಿನವರೆಗೆ ಹೋಗಿ, ಅಲ್ಲಿ ಲಿಫ್ಟಿನ ಬಾಗಿಲು ಎಲ್ಲಿದೆಯೆಂದು ನೋಡಿಕೊಂಡು, ಅದೇ ಲಿಫ್ಟಿನಲ್ಲಿ ಕೆಳಗಿಳಿದು ಬಂದೆ. ತುದಿಯಿಂದ ಹುಡುಕಿಕೊಂಡು ಬಂದರೆ ಬುಡ ತಾನಾಗಿ ಸಿಗುತ್ತದೆ. ಹೊಸ ನಿಲ್ದಾಣಗಳಲ್ಲಿ ನಾನು ಈಗ ಹೀಗೆಯೇ ಮಾಡುತ್ತೇನೆ.

ಮಾನೋರೈಲ್ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತಾತ್ಸಾರವಿತ್ತು. ಎರಡೇ ನಿಲ್ದಾಣ, ಒಂದು ಮೈಲಿಗಿಂತ ತುಸು ಕಡಿಮೆ ದೂರ, ಎರಡು ಮೂರು ನಿಮಿಷಗಳ ಪ್ರಯಾಣ. ಇಷ್ಟಕ್ಕಾಗಿ ಮೂರು ಮಹಡಿ ಹತ್ತಬೇಕೇ, ಥರ್ಡ್ ಅವೆನ್ಯೂದಲ್ಲಿ ಬಸ್ಸುಗಳಿವೆಯಲ್ಲ, ಕಾಲು ಗಟ್ಟಿಯಿದ್ದವರಿಗೆ ಇಪ್ಪತ್ತು ನಿಮಿಷದ ನಡಿಗೆಯೂ ಆಗುತ್ತದಲ್ಲ ಎಂಬುದು ನನ್ನ ವಾದ. ಹತ್ತಿದ ಮೇಲೆ ವಾದ ಬಿಟ್ಟುಕೊಟ್ಟೆ. ಈ ಊರಿನಲ್ಲಿ ನಡೆದ 1962ರ ವಿಶ್ವಮೇಳಕ್ಕಾಗಿ, ಮೇಳ ತೆರೆಯುವುದಕ್ಕೂ ತಿಂಗಳ ಹಿಂದೆ, ಮಾರ್ಚ್ 24ರಂದು ಓಡಾಟ ಶುರುಮಾಡಿದ ಅದೇ ಕೆಂಪು ಮತ್ತು ನೀಲಿ ರೈಲುಗಳು ಇಂದಿಗೂ ಓಡುತ್ತಿವೆ. ಜರ್ಮನಿಯ ಆಲ್ವೆಗ್ ಸಂಸ್ಥೆಯ ವಿನ್ಯಾಸ; ಅಗಲವಾದ ಒಂದೇ ಕಾಂಕ್ರೀಟ್ ತೊಲೆಯನ್ನು ಕಾಲುಗಳ ನಡುವೆ ಹಿಡಿದುಕೊಂಡಂತೆ ರಬ್ಬರ್ ಗಾಲಿಗಳ ಮೇಲೆ ಸಾಗುವ ರೈಲು. ವೆಸ್ಟ್‌ಲೇಕ್ ತುದಿಯಲ್ಲಿ 1988ರಲ್ಲಿ ಮಾಲ್ ಬಂದಾಗ ನಿಲ್ದಾಣವನ್ನು ಹೊಸದಾಗಿ ಕಟ್ಟಿ, ಎರಡು ತೊಲೆಗಳನ್ನು ಒಂದಕ್ಕೊಂದು ಎಷ್ಟು ಹತ್ತಿರ ತಂದರೆಂದರೆ, ಅಲ್ಲಿ ಎರಡು ರೈಲುಗಳು ಅಕ್ಕಪಕ್ಕದಲ್ಲಿ ಹಾಯುವಂತಿಲ್ಲ. 2005ರ ನವೆಂಬರ್‌ನಲ್ಲಿ ಇವು ಒಂದಕ್ಕೊಂದು ಬದಿ ತಾಗಿಸಿಕೊಂಡದ್ದೂ ಆ ಇಕ್ಕಟ್ಟಿನಲ್ಲೇ. ನಿಲ್ದಾಣವನ್ನು 2021ರಲ್ಲಿ ವಿಶಾಲಗೊಳಿಸಿದ್ದಾರೆ. ನಾವು ಅಲ್ಲಿ ತಲುಪಿದಾಗ ಕಷ್ಟವೆನಿಸಿದ್ದು ಏನೂ ಇರಲಿಲ್ಲ. ದರ ರೈಲಿನದಕ್ಕಿಂತ ಬೇರೆ, ಕಾರ್ಡ್ ಅದೇ.

ಹತ್ತುವವರಿಗೆ ಒಂದೇ ಮಾತು ಹೇಳಬೇಕಾದರೆ, ಮುಂದಿನ ತುದಿಗೆ ಹೋಗಿ ಎಂದು ಹೇಳುತ್ತೇನೆ. ಚಾಲಕರಿಗೆ ಪ್ರತ್ಯೇಕ ಕೋಣೆಯಿಲ್ಲ. ಅವರ ಪಕ್ಕದ ಆಸನದಲ್ಲಿ ಪ್ರಯಾಣಿಕರೇ ಕೂರಬಹುದು, ಎದುರಿಗೆ ಇಡೀ ಗಾಜು. ಅಮ್ಮನನ್ನು ಕಂಡ ಹುಡುಗನೊಬ್ಬ ಆ ಆಸನ ಬಿಟ್ಟುಕೊಟ್ಟ. ರೈಲು ಮಾಲ್‌ನ ಹೊಟ್ಟೆಯಿಂದ ಹೊರಬಿದ್ದು, ಎಡಕ್ಕೆ ಬಾಗಿ, ಫಿಫ್ತ್ ಅವೆನ್ಯೂದ ನಡುಮೇಲೆ ಎರಡನೆಯ ಮಹಡಿಯ ಕಿಟಕಿಗಳಿಗೆ ಸಮನಾಗಿ ಹೊರಟಿತು. ಒಂದು ಕಚೇರಿಯಲ್ಲಿ ಒಬ್ಬರು ಕೋಟು ಹಾಕಿಕೊಳ್ಳುತ್ತಿದ್ದರು, ಇನ್ನೊಂದರಲ್ಲಿ ದೀಪ ಆರಿತು. ಕೆಳಗೆ ಕಾರುಗಳ ಕೆಂಪು ದೀಪಗಳ ಸಾಲು ಒದ್ದೆ ರಸ್ತೆಯಲ್ಲಿ ಎರಡಾಗಿ ಕಾಣುತ್ತಿತ್ತು. ಕ್ಯಾಬ್ ಹಿಡಿದಿದ್ದರೆ ನಾವು ಆ ಸಾಲಿನಲ್ಲಿರುತ್ತಿದ್ದೆವು. ಕೊನೆಯ ತಿರುವಿನಲ್ಲಿ ತೊಲೆ ನೇರವಾಗಿ ಒಂದು ಕಟ್ಟಡದೊಳಕ್ಕೆ ಹೋಗುವುದು ಕಂಡಿತು. ಫ್ರಾಂಕ್ ಗೆರಿ ವಿನ್ಯಾಸಗೊಳಿಸಿ 2000ರಲ್ಲಿ ತೆರೆದ, ಈಗ ಮೊಪಾಪ್ ಎಂದು ಕರೆಯುವ ವಸ್ತುಸಂಗ್ರಹಾಲಯ ಅದು. ಬಂಗಾರ, ಬೆಳ್ಳಿ, ನೇರಳೆ, ಕೆಂಪು ಬಣ್ಣದ ಲೋಹದ ತಗಡುಗಳನ್ನು ಮುದುಡಿ ಎಸೆದಂಥ ರೂಪ. "ಅಯ್ಯೋ, ಗೋಡೆ" ಎಂದು ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಚಾಲಕರು ಅವಳತ್ತ ನೋಡಿ ನಕ್ಕರು. ದಿನಕ್ಕೆ ಎಷ್ಟು ಸಲ ಹೀಗೆ ನಗುತ್ತಾರೋ. ರೈಲು ಲೋಹದ ಮಡಿಕೆಗಳ ನಡುವೆ ತೂರಿ ಆಚೆ ಬಂದು ನಿಂತಿತು, ನೆತ್ತಿಯ ಮೇಲೆ ಸ್ಪೇಸ್ ನೀಡಲ್.

ಸಿಯಾಟಲ್ ಸೆಂಟರ್ ಎಂಬ ಈ 74 ಎಕರೆಯ ಆವರಣ ವಿಶ್ವಮೇಳ ಬಿಟ್ಟುಹೋದ ಆಸ್ತಿ. ಮೇಳ ಆರು ತಿಂಗಳು ನಡೆದು ಮುಗಿಯಿತು, ಅದಕ್ಕಾಗಿ ಕಟ್ಟಿದ್ದರಲ್ಲಿ ಬಹಳಷ್ಟನ್ನು ಊರು ಉಳಿಸಿಕೊಂಡಿತು. ಆವರಣಕ್ಕೆ ಪ್ರವೇಶ ದರವಿಲ್ಲ, ಒಳಗಿನ ಒಂದೊಂದು ತಾಣಕ್ಕೆ ಬೇರೆ ಬೇರೆ ಟಿಕೆಟ್. ನಮ್ಮ ಹೋಟೆಲು ಅದರ ಪಶ್ಚಿಮದ ಅಂಚಿನಲ್ಲಿದ್ದುದರಿಂದ ಆವರಣದ ನಡುವೆಯೇ ಸೂಟ್‌ಕೇಸು ಎಳೆದುಕೊಂಡು ಹೋದೆವು. ದಾರಿ ಸಮತಟ್ಟಾಗಿದೆ, ಮೆಟ್ಟಿಲು ಹತ್ತಬೇಕಾಗಲಿಲ್ಲ. ಎಡಕ್ಕೆ ಮಿನೋರು ಯಮಸಾಕಿ ವಿನ್ಯಾಸದ ವಿಜ್ಞಾನ ಕೇಂದ್ರದ ಬಿಳಿಯ ಕಮಾನುಗಳು, ನಡುವೆ 1939ರ ಆರ್ಮರಿ ಕಟ್ಟಡ. ಆರ್ಮರಿ ಒಂದು ಕಾಲಕ್ಕೆ ಸೇನೆಯ ಉಗ್ರಾಣವಾಗಿದ್ದು ಈಗ ಊಟದ ಮಳಿಗೆಗಳ ತಾಣ. ಅಲ್ಲಿ ಒಳಗೆ ಕುಳಿತು ಬಿಸಿಯಾಗಿ ಏನಾದರೂ ಕುಡಿಯಲು ಸಾಧ್ಯವಾದದ್ದು ಅಮ್ಮನ ಮಂಡಿಗೆ ಆ ದಿನ ಸಿಕ್ಕ ದೊಡ್ಡ ಉಪಕಾರ. ಪಶ್ಚಿಮಕ್ಕೆ ಕ್ಲೈಮೇಟ್ ಪ್ಲೆಜ್ ಅರೇನಾ; 1962ರ ಛಾವಣಿಯನ್ನು ಹಾಗೆಯೇ ಎತ್ತಿ ಹಿಡಿದುಕೊಂಡು ಅದರಡಿ ಹೊಸ ಕ್ರೀಡಾಂಗಣ ತೋಡಿ 2021ರಲ್ಲಿ ತೆರೆದರು. ಅಲ್ಲಿ ಹಾಕಿ ಪಂದ್ಯವೋ ಸಂಗೀತ ಕಛೇರಿಯೋ ಇರುವ ಸಂಜೆ ಮಾನೋರೈಲಿನಲ್ಲಿ ಸೂಟ್‌ಕೇಸಿಗೆ ಜಾಗ ಸಿಗುವುದು ಕಷ್ಟ. ಆ ದಿನ ಏನೂ ಇಲ್ಲದಿದ್ದುದು ನಮ್ಮ ಅದೃಷ್ಟ, ಹೊರಡುವ ಮುನ್ನ ನಾನು ನೋಡಿಕೊಂಡಿರಲಿಲ್ಲ.

ಹೋಟೆಲಿನಲ್ಲಿ ಸಾಮಾನು ಇಟ್ಟು ಮತ್ತೆ ಹೊರಬಂದಾಗ ಕತ್ತಲಾಗಿತ್ತು. 605 ಅಡಿಯ ಆ ಗೋಪುರದ ಮೂರು ಕಾಲುಗಳು ಸೊಂಟದಲ್ಲಿ ಕಿರಿದಾಗಿ, ಮೇಲೆ ಮತ್ತೆ ಅರಳಿ, ತಟ್ಟೆಯಂತಹ ತಲೆಯನ್ನು ಹೊತ್ತಿವೆ. ಮೋಡ ಅಷ್ಟು ಕೆಳಗಿದ್ದುದರಿಂದ ತಟ್ಟೆ ಆಗಾಗ ಮಾಯವಾಗುತ್ತಿತ್ತು, ಬುಡ ಮಾತ್ರ ಬೆಳಕಿನಲ್ಲಿ ನಿಂತಿರುತ್ತಿತ್ತು. ಲಿಫ್ಟು ಮುಕ್ಕಾಲು ನಿಮಿಷದೊಳಗೆ ಮೇಲಕ್ಕೆ ಒಯ್ಯುತ್ತದೆ, ಮೇಲೆ ತಿರುಗುವ ಗಾಜಿನ ನೆಲವಿದೆ ಎಂದೆಲ್ಲ ಹೇಳಿದೆ. ಇವತ್ತಿಗೆ ಹತ್ತಿದ ಲಿಫ್ಟುಗಳು ಸಾಕು ಎಂದಳು ಅಮ್ಮ. ನಾವು ಇಂಟರ್‌ನ್ಯಾಷನಲ್ ಫೌಂಟನ್ನಿನ ಕಟ್ಟೆಯ ಮೇಲೆ ಕುಳಿತೆವು. ನೀರು ಸಂಗೀತಕ್ಕೆ ತಕ್ಕಂತೆ ಏರಿ ಬೀಳುತ್ತಿತ್ತು. ಮಳೆಯಲ್ಲಿ ನೆನೆದಿದ್ದ ಇಬ್ಬರು ಮಕ್ಕಳು ಇನ್ನೂ ನೆನೆಯಲು ಅದರೊಳಗೆ ಓಡುತ್ತಿದ್ದರು.

ನಾಲ್ಕು ದಿನಗಳ ನಂತರ ಇದೇ ದಾರಿಯನ್ನು ಹಿಂದುಮುಂದಾಗಿ ಹಿಡಿದೆವು. ಈ ಸಲ ನಾನು ನಿಲ್ದಾಣಗಳನ್ನು ಎಣಿಸಿದೆ, ವೆಸ್ಟ್‌ಲೇಕ್‌ನ ಲಿಫ್ಟುಗಳು ಎಲ್ಲಿವೆಯೆಂದು ಗೊತ್ತಿತ್ತು, ವಿಮಾನ ನಿಲ್ದಾಣದ ಕೊನೆಯ ನಡಿಗೆಗೆ ಅರ್ಧ ತಾಸು ಹೆಚ್ಚಾಗಿ ಇಟ್ಟುಕೊಂಡಿದ್ದೆ, ಗಾಲಿಕುರ್ಚಿಗೆ ಹಿಂದಿನ ದಿನವೇ ಹೇಳಿದ್ದೆ. ಅಮ್ಮ ಏನೂ ಅನ್ನಲಿಲ್ಲ. ಬೆಳಗಿನ ಏಳೂವರೆ, ಮಳೆ ನಿಂತಿತ್ತು. ರೇನಿಯರ್ ಬೀಚ್ ದಾಟಿ ರೈಲು ಮತ್ತೆ ಕಂಬಗಳ ಮೇಲೇರಿದಾಗ ಎಡಗಡೆ ಕುಳಿತಿದ್ದವರೆಲ್ಲ ಒಟ್ಟಿಗೆ ತಲೆ ತಿರುಗಿಸಿದರು. ಹೆದ್ದಾರಿ, ಗೋದಾಮುಗಳು, ಮರಗಳು ಎಲ್ಲದರ ಹಿಂದೆ, ಅವುಗಳಿಗೆ ಸಂಬಂಧವೇ ಇಲ್ಲದಷ್ಟು ಎತ್ತರದಲ್ಲಿ, ಪರ್ವತ ನಿಂತಿತ್ತು. ಅಮ್ಮ ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಕೈಯನ್ನು ತೆಗೆದುಕೊಂಡು, ನಾನು ಮೊದಲ ದಿನ ತೋರಿಸಿದ್ದ ಬೆರಳನ್ನೇ ನೆಟ್ಟಗೆ ಮಾಡಿ, ಸ್ವಲ್ಪ ಎಡಕ್ಕೆ ಸರಿಸಿ ಹಿಡಿದಳು.

"ಅವತ್ತು ನೀನು ತೋರಿಸಿದ್ದು ಇಲ್ಲಿಗಲ್ಲ" ಎಂದಳು.